ರಸ್ತೆಗೆ ಬೆನ್ನು ಹಾಕಿದ ಪಳ್ಳಿ

ಎರಡು ವರ್ಷದ ಹಿಂದೆ ನಮ್ಮ ಮ್ಯಾನೇಜರಿಗೆ ಪುಣೆಗೆ ವರ್ಗವಾಯಿತು. ಬೀಳ್ಕೊಡುಗೆಗೆ ಸ್ಲೈಡ್ ಮಾಡುವ ಕೆಲಸ ನನ್ನ ತಲೆಗೆ ಬಂತು.

ಕೊಚ್ಚಿಯ ಕಾಕ್ಕನಾಡಿನ ನಮ್ಮ ಆಫೀಸಿನಲ್ಲಿ ಕೋಡ್ ಬರೆಯಲು ಬೇರೆಯವರಿದ್ದಾರೆ. ನನ್ನನ್ನು ಇಟ್ಟುಕೊಂಡಿರುವುದು ಹುಟ್ಟುಹಬ್ಬ, ಬೀಳ್ಕೊಡುಗೆ, ಓಣಂ ಪಾರ್ಟಿಗಳಿಗೆ. (ಅಪ್ರೈಸಲ್‌ನಲ್ಲಿ ಇದನ್ನೇ ಸ್ವಲ್ಪ ಗೌರವವಾಗಿ ಬರೆಯುತ್ತಾರೆ.) ಮ್ಯಾನೇಜರ್ ಮೇಲೆ ನನಗೆ ಹಳೆಯ ಸಿಟ್ಟಿತ್ತು. ರಜೆ ಕೇಳಿದಾಗಲೆಲ್ಲ ಆಸಾಮಿ ಕಿಟಕಿ ಕಡೆ ತಿರುಗಿ ಮೋಡ ನೋಡುತ್ತಿದ್ದ. ಸರಿ, ಅವನ ತಲೆ ಕತ್ತರಿಸಿ ಓಣಂ ಹಬ್ಬದ ಮಾವೇಲಿ ಮಹಾರಾಜನ, ಅಂದರೆ ನಮ್ಮ ಬಲಿ ಚಕ್ರವರ್ತಿಯ, ದೇಹಕ್ಕೆ ಅಂಟಿಸಿದೆ. ಮಂಕರಿಯಂಥ ಹೊಟ್ಟೆ, ಓಲೆ ಕೊಡೆ, ಕಿವಿಯಿಂದ ಕಿವಿಗೆ ಮೀಸೆ. ಸುತ್ತಲೂ ಸೊರಗಿ ಕಡ್ಡಿಯಾದ ಪ್ರಜೆಗಳು, ಅಂದರೆ ನಾವು, ತಲೆ ಮೇಲೆ ಕಂಪ್ಯೂಟರ್ ಹೊತ್ತು ನಿಂತಿದ್ದೇವೆ.

ಇಡೀ ಫ್ಲೋರ್ ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರ್ ನಗಲಿಲ್ಲ. ಕಣ್ಣು ಒರೆಸಿಕೊಂಡ. ನನ್ನನ್ನು ತಬ್ಬಿಕೊಂಡು, "ನಿಮ್ಮ ಮನಸ್ಸಿನಲ್ಲಿ ನನಗೆ ಇಂಥ ಜಾಗ ಇದೆ ಅಂತ ಗೊತ್ತೇ ಇರಲಿಲ್ಲ" ಎಂದ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಒಯ್ದ. ಈಗ ಪುಣೆಯ ಫ್ಲ್ಯಾಟಿನ ಹಾಲಿನಲ್ಲಿ ತೂಗುಹಾಕಿದ್ದಾನಂತೆ. ಬಂದವರಿಗೆಲ್ಲ ತೋರಿಸುತ್ತಾನಂತೆ.

ನನಗೆ ಅವತ್ತೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಅದಕ್ಕೇ ತಿರುವನಂತಪುರದ ಆಚೆಗಿನ ಒಂದು ಗುಡ್ಡದ ಮೇಲೆ ಇವತ್ತು ಒಂದು ಪಳ್ಳಿ ಇಲ್ಲ.

(ನಮ್ಮ ಕರಾವಳಿಯಲ್ಲಿ ಪಳ್ಳಿ ಅಂದರೆ ಮಸೀದಿ. ಇಲ್ಲಿ ಚರ್ಚಿಗೂ ಅದೇ ಹೆಸರು. ನಾನು ಹೇಳುತ್ತಿರುವುದು ಚರ್ಚಿನ ವಿಷಯ. ಅದೂ ದೊಡ್ಡ ಚರ್ಚಲ್ಲ, ಗುಡ್ಡದ ಊರಿನವರು ತಮಗಾಗಿ ಕಟ್ಟಿಕೊಂಡ ಪುಟ್ಟ ಪ್ರಾರ್ಥನಾ ಮಂದಿರ. ಊರಿನ ಹೆಸರು ಬರೆಯುವುದಿಲ್ಲ. ಅವರು ನನ್ನನ್ನು ಮತ್ತೆ ಕರೆದುಬಿಟ್ಟರೆ?)

ಶುರುವಿನಿಂದ ಹೇಳುತ್ತೇನೆ.

ಬಿಜೋಯ್ ನನ್ನ ರೂಮ್‌ಮೇಟ್. ಆಫೀಸಿನಲ್ಲಿ ಪಕ್ಕದ ಸೀಟು, ಮನೆಯಲ್ಲಿ ಪಕ್ಕದ ಮಂಚ. ಅವನಮ್ಮ ತ್ರೇಸ್ಯಮ್ಮ ಟೀಚರ್ ಮೈಸೂರಿನ ಕಾನ್ವೆಂಟ್ ಒಂದರಲ್ಲಿ ಬಹಳ ವರ್ಷ ಪಾಠ ಹೇಳಿ, ರಿಟೈರ್ ಆದ ಮೇಲೆ ಹುಟ್ಟಿದ ಗುಡ್ಡಕ್ಕೆ ವಾಪಸಾದವರು. ಅಮ್ಮ-ಮಗ ಇಬ್ಬರಿಗೂ ಕನ್ನಡ ನೀರು ಕುಡಿದಷ್ಟು ಸಲೀಸು. ಬಿಜೋಯ್ ಈ ಅಂಕಣದ ಪ್ರಿಂಟ್ ತೆಗೆದು ಅಂಚೆಯಲ್ಲಿ ಕಳಿಸುತ್ತಾನೆ. ಟೀಚರಮ್ಮ ಓದಿ, ಫೋನ್ ಮಾಡಿ, ನನ್ನ ತಪ್ಪುಗಳನ್ನು ಹೇಳುತ್ತಾರೆ. (ಈ ವಾರ ಫೋನ್ ಬರುತ್ತದೋ ಇಲ್ಲವೋ ಗೊತ್ತಿಲ್ಲ.)

ಒಂದು ಮಳೆಗಾಲದ ಶನಿವಾರ ಅವರ ಊರಿಗೆ ಹೊರಟೆವು. ವೈಟ್ಟಿಲದಲ್ಲಿ ಬಸ್ ತಪ್ಪಿಸಿಕೊಂಡು, ಎರ್ನಾಕುಲಂನಲ್ಲಿ ರೈಲು ಹಿಡಿದು, ತಿರುವನಂತಪುರದಲ್ಲಿ ಇಳಿದು ಮತ್ತೊಂದು ಬಸ್. ರಬ್ಬರ್ ತೋಟಗಳ ನಡುವೆ ಆ ಬಸ್ಸು ತಿರುಗಿದಷ್ಟೂ ನಾನು ಮುಂದಿನ ಸೀಟಿನ ಕಂಬಿಯನ್ನು ತಬ್ಬಿಕೊಂಡೆ. ಗುಡ್ಡದ ಮೇಲಿನ ಸ್ಟಾಪಿನಲ್ಲಿ ನನ್ನನ್ನು ಇಳಿಸಿದ್ದಲ್ಲ, ಸುರಿದದ್ದು.

ಎದುರಿಗೇ ಪಳ್ಳಿ. ಉದ್ದನೆಯ ಬೋಳು ಗೋಡೆ, ಮೈತುಂಬ ಪಾಚಿ, ಎತ್ತರದಲ್ಲಿ ಒಂದೇ ಒಂದು ಕಿಂಡಿ. ಅಬ್ಬಾ, ಎಂಥ ಸರಳತೆ! ಶೂ ಬಿಚ್ಚಿದೆ. ಕೈಮುಗಿದೆ. ಕಣ್ಣು ಮುಚ್ಚಿ ಪ್ರಮೋಷನ್ ಕೇಳಿಕೊಂಡೆ. ಕಣ್ಣು ಬಿಟ್ಟಾಗ ಒಂದು ಆಡು ನನ್ನ ಕಾಲುಚೀಲ ತಿನ್ನುತ್ತಿತ್ತು.

ಹಿಂದಿನಿಂದ ಕೊಡೆ ಹಿಡಿದ ಟೀಚರಮ್ಮನ ದನಿ ಬಂತು. "ಮೋನೆ, ಅದು ಪಳ್ಳಿಯ ಬೆನ್ನು ಕಣೋ. ನೀನು ಕೈಮುಗೀತಿರೋದು ಸೌದೆ ಕೊಟ್ಟಿಗೆಗೆ."

(ಮೋನೆ ಅಂದರೆ ಮಗನೇ.) ತಪ್ಪು ನನ್ನದಲ್ಲ. ಪೂರ್ವಕ್ಕೆ ಬಲಿಪೀಠ, ಪಶ್ಚಿಮಕ್ಕೆ ಬಾಗಿಲು ಎಂಬುದು ಕಟ್ಟಿದವರ ಪದ್ಧತಿ. ಕಟ್ಟುವಾಗ ಈ ರಸ್ತೆಯೇ ಇರಲಿಲ್ಲ. ಜನ ಕೆಳಗಿನ ಹೊಳೆಯ ಕಡೆಯಿಂದ ಗುಡ್ಡ ಹತ್ತಿ ಬರುತ್ತಿದ್ದರು. ಅವರಿಗೆ ಬಾಗಿಲು ಎದುರಾಗುತ್ತಿತ್ತು. ಆಮೇಲೆ ನೆತ್ತಿಯ ಮೇಲೆ ಟಾರು ರಸ್ತೆ ಬಂತು. ಅಂಗಡಿ ಬಂತು, ಬಸ್ಸು ಬಂತು. ಊರು ಪೂರ್ತಿ ಮೇಲಕ್ಕೆ ಮುಖ ತಿರುಗಿಸಿಕೊಂಡಿತು. ಪಳ್ಳಿ ಮಾತ್ರ ಹೊಳೆಯನ್ನೇ ನೋಡುತ್ತ ಕೂತುಬಿಟ್ಟಿತು.

ಸುತ್ತಿಕೊಂಡು ಕೆಳಗಿಳಿದು ಬಾಗಿಲಿಗೆ ಬಂದೆ. ಒಳಗೆ ಕಾಲಿಟ್ಟವನು ಸುಮ್ಮನಾದೆ. (ನಾನು ಸುಮ್ಮನಾದದ್ದಕ್ಕೆ ಬಿಜೋಯ್ ಸಾಕ್ಷಿ. ಅವನಿಗೆ ಗಾಬರಿಯಾಗಿ ಹುಷಾರಿಲ್ಲವಾ ಎಂದು ಕೇಳಿದ.)

ಪಳ್ಳಿಯ ಒಳಗೆ ಒಂದು ಬಂಡೆ ಇತ್ತು.

ಗುಡ್ಡದ ಬಂಡೆಯೇ. ಒಡೆಯಲು ಅವರಿಗೆ ಶಕ್ತಿ ಇರಲಿಲ್ಲ. ಹಾಗಾಗಿ ಅದನ್ನು ಹಾಗೇ ಬಿಟ್ಟು, ಅದಕ್ಕೆ ಆನಿಸಿ ಬಲಿಪೀಠ ಇಟ್ಟು, ಸುತ್ತ ಗೋಡೆ ಎಬ್ಬಿಸಿದ್ದರು. ಮಳೆಗಾಲದಲ್ಲಿ ಬಂಡೆಯ ಸಂದಿನಿಂದ ನೀರು ಜಿನುಗುತ್ತದೆ. ಆ ನೀರಿಗೆಂದೇ ನೆಲದ ನಡುವೆ ಬಾಗಿಲವರೆಗೆ ಒಂದು ಸಣ್ಣ ಕಾಲುವೆ. ಎಡಗಡೆ ಹೆಂಗಸರು, ಬಲಗಡೆ ಗಂಡಸರು, ನಡುವೆ ನೀರು. ಮದುಮಗಳು ಮದುವೆಯಾದ ಮೇಲೆ ಅದನ್ನು ದಾಟಿ ಗಂಡನ ಕಡೆ ಬರಬೇಕು. ಜಾರಿ ಬಿದ್ದರೆ ಶುಭವಂತೆ. ಹಾಗಂತ ಬಿದ್ದವರೇ ಹೇಳಿಕೊಂಡು ಬಂದಿರಬೇಕು.

"ಪ್ರಸಂಗದ ಹೊತ್ತಲ್ಲಿ ನಾವು ಇದರಲ್ಲಿ ಕಾಗದದ ದೋಣಿ ಬಿಡ್ತಿದ್ವಿ. ನನ್ನ ದೋಣಿ ಅಚ್ಚನ್ ಕಾಲ ಹತ್ರ ಸಿಕ್ಕಿಹಾಕ್ಕೊಂಡು ಅಮ್ಮಚ್ಚಿ ಕೈಲಿ ಏಟು ತಿಂದಿದ್ದೀನಿ" ಎಂದರು ಟೀಚರಮ್ಮ. ಅಚ್ಚನ್ ಅಂದರೆ ಪಾದ್ರಿಗಳು, ಅಮ್ಮಚ್ಚಿ ಅಂದರೆ ಅಮ್ಮ.

ಗೋಡೆಯ ಕಥೆ ಇನ್ನೂ ಚೆನ್ನಾಗಿದೆ. ಪಾಲಾ ಕಡೆಯಿಂದ ಕಾಡು ಕಡಿದು ಬೇಸಾಯ ಮಾಡಲು ಬಂದ ಬಡ ಸಂಸಾರಗಳು ಅವು. ಮೊದಲು ಬಿದಿರು-ಹುಲ್ಲಿನ ಚಪ್ಪರ. ಆಮೇಲೆ ಒಬ್ಬ ಅಚ್ಚನ್ ಕಟ್ಟಪ್ಪಣೆ ಮಾಡಿದರಂತೆ. ಭಾನುವಾರ ಪೂಜೆಗೆ ಬರುವವರು ಯಾರೂ ಬರಿಗೈಯಲ್ಲಿ ಬರಕೂಡದು, ಕೆಳಗಿನಿಂದ ಒಂದು ಕಲ್ಲು ಹೊತ್ತು ತರಬೇಕು. ಗಟ್ಟಿಮುಟ್ಟಾದವನು ದಪ್ಪ ಕಲ್ಲು ತಂದ, ಮುದುಕಿ ಸಣ್ಣದು ತಂದಳು. ಹಾಗಾಗಿ ಗೋಡೆಯಲ್ಲಿ ಒಂದು ಕಲ್ಲಿನಂತೆ ಇನ್ನೊಂದಿಲ್ಲ. ಸಾಲುಗಳು ಏರಿ ಇಳಿದು, ನನ್ನ ಕೈಬರಹದ ಹಾಗೆ ಹೋಗುತ್ತವೆ.

ಬಾಗಿಲ ಪಕ್ಕದ ಸಾಲೊಂದನ್ನು ಟೀಚರಮ್ಮ ಅಂಗೈಯಲ್ಲಿ ಸವರಿದರು. "ಈ ಸಾಲು ಕಟ್ಟುವಾಗ ನಮ್ಮಮ್ಮ ನನ್ನ ಬಸುರಿ. ಹೊಟ್ಟೇಲಿ ನಾನು, ತಲೆ ಮೇಲೆ ಕಲ್ಲು. ಇದರಲ್ಲಿ ಯಾವುದೋ ಒಂದು ಅವಳದು. ಯಾವುದು ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ."

ಮಾಡು ಕಟ್ಟಿದವರು ದೇವಸ್ಥಾನದ ಆಚಾರಿಗಳು. ಅವರಿಗೆ ಗೊತ್ತಿದ್ದದ್ದು ಅದೊಂದೇ ಮಾಡು. ಅದನ್ನೇ ಇಲ್ಲೂ ಕಟ್ಟಿದರು. ಹಲಸಿನ ಮರದ ಜಂತಿ, ಹಂಚು, ಮುಂದೆ ಚೂಪಾದ ಮೊಗಪ್ಪು, ಅಂದರೆ ಮಾಡಿನ ತ್ರಿಕೋನದ ಮುಖ. ದೇವದೂತರನ್ನು ಕೆತ್ತಿಕೊಡಿ ಎಂದರೆ ಪಾಪ, ಆಚಾರಿ ದೇವದೂತರನ್ನು ಎಲ್ಲಿ ನೋಡಿದ್ದಾನೆ? ಒಂದು ಕಡೆಯಿಂದ ಕೆತ್ತಿಟ್ಟ. ಕಿವಿಗೆ ಕಡುಕು, ಸೊಂಟಕ್ಕೆ ಮುಂಡು, ಬೆನ್ನಿಗೆ ಎರಡು ರೆಕ್ಕೆ. ಒಬ್ಬ ದೂತನಿಗಂತೂ ಸಣ್ಣ ಬೊಜ್ಜು.

ಅದು ಸರ್ಕಾರ ಸ್ಮಾರಕವೆಂದು ನೀಲಿ ಬೋರ್ಡ್ ನೆಡುವಷ್ಟು ಹಳೆಯ ಕಟ್ಟಡವಲ್ಲ. ಊರಿನವರು ಹೆಮ್ಮೆಪಡುವಷ್ಟು ಹೊಸದೂ ಅಲ್ಲ. ತೊಂದರೆಯಾದದ್ದೇ ಅಲ್ಲಿ.

ಅವತ್ತು ಊಟಕ್ಕೆ ಕೂತಾಗ ಟೀಚರಮ್ಮ ವಿಷಯಕ್ಕೆ ಬಂದರು. ಪಳ್ಳಿ ಒಡೆಯುವ ಮಾತು ನಡೆಯುತ್ತಿದೆ. ಹೊಸದು ಕಟ್ಟಬೇಕು, ರಸ್ತೆಗೆ ಮುಖ ಮಾಡಿ ಕಟ್ಟಬೇಕು ಎಂದು ಪಳ್ಳಿಯ ಕೈಕ್ಕಾರನ್ ವರ್ಗೀಸ್ ಚೇಟ್ಟನ್ ಹಟ ಹಿಡಿದಿದ್ದಾರೆ. (ಕೈಕ್ಕಾರನ್ ಅಂದರೆ ನಮ್ಮ ದೇವಸ್ಥಾನದ ಮೊಕ್ತೇಸರರು ಇದ್ದ ಹಾಗೆ; ಚೇಟ್ಟನ್ ಅಂದರೆ ಅಣ್ಣ.) ಪೊದುಯೋಗಂ, ಅಂದರೆ ಊರ ಸಭೆ, ಕರೆದಿದ್ದಾರೆ. ಕೈ ಎತ್ತಿ ತೀರ್ಮಾನ.

"ನಾನೇನು ಹಾಗೇ ಬಿಡಿ ಅಂತಿಲ್ಲ. ಹಂಚು ಬದಲಾಯಿಸಿ. ರಸ್ತೆಯಿಂದ ಇಳಿಯೋಕೆ ಮೆಟ್ಟಿಲು ಮಾಡಿ. ಒಡೀಬೇಡಿ ಅಷ್ಟೇ. ಆದ್ರೆ ನನ್ನ ಮಾತು ಯಾರು ಕೇಳ್ತಾರೆ? ಟೀಚರ್ ಬಾಯಿ ತೆಗೆದ್ರೆ ಪಾಠ ಅಂತಾರೆ. ನೀನು ಕಂಪ್ಯೂಟರಲ್ಲಿ ಏನೇನೋ ತೋರಿಸ್ತೀಯಂತಲ್ಲ, ಒಂದ್ಸಲ ತೋರ್ಸು ಮೋನೆ. ಈ ಪಳ್ಳಿ ಉಳಿದ್ರೆ ಸಾಕು ನಂಗೆ. ಇನ್ನೇನೂ ಕೇಳಲ್ಲ."

ಎದುರಿಗೆ ಬೇಯಿಸಿದ ಮರಗೆಣಸು, ಖಾರದ ಮೀನು ಸಾರು. ಇಂಥ ಊಟದ ಮುಂದೆ ಯಾರು ಇಲ್ಲ ಅಂತಾರೆ? "ಬಿಡಿ ಟೀಚರಮ್ಮ, ನಾನಿದ್ದೀನಲ್ಲ" ಎಂದೆ.

ನಾನಿದ್ದೀನಲ್ಲ! ಈ ಮಾತನ್ನು ಹೇಳಿದವರಿಂದ ಉಳಿದದ್ದು ಏನಾದರೂ ಇದೆಯೇ ಪ್ರಪಂಚದಲ್ಲಿ?

ಹೊಸ ಡಿಜಿಟಲ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮಾರನೆಯ ದಿನವೆಲ್ಲ ಫೋಟೋ ತೆಗೆದೆ. ನಾನೆಂದರೆ ದೊಡ್ಡ ಕಲಾವಿದ ತಾನೇ. ಫ್ರೇಮಿನಲ್ಲಿ ಯಾರಾದರೂ ಕಂಡರೆ ಕೈ ಬೀಸಿ ಆಚೆ ಕಳಿಸುತ್ತಿದ್ದೆ. ಮೇಣದ ಬತ್ತಿ ಹಚ್ಚಲು ಬಂದ ಹೆಂಗಸನ್ನು "ಚೇಚಿ, ಸ್ವಲ್ಪ ಆ ಕಡೆ" ಎಂದೆ. ಕಾಲುವೆಯಲ್ಲಿ ಆಡುತ್ತಿದ್ದ ಮಕ್ಕಳನ್ನು ಗದರಿಸಿ ಓಡಿಸಿದೆ. ಕಲ್ಲು, ಮರ, ನೆರಳು, ಮೌನ. ಅದ್ಭುತ ಬಂದಿರುತ್ತದೆ ಅಂದುಕೊಂಡೆ. ಕೊಚ್ಚಿಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಮುಕ್ಕಾಲು ಪಾಲು ಕತ್ತಲು. ಮೋಡದ ಬೆಳಕಿಗೆ ನನ್ನ ಫ್ಲ್ಯಾಶ್ ಸಾಲಲಿಲ್ಲ. ಬೊಜ್ಜಿನ ದೇವದೂತ ಬಾವಲಿಯ ಹಾಗೆ ಕಾಣುತ್ತಿದ್ದ.

ಇರುವುದರಲ್ಲೇ ಸ್ಲೈಡ್ ಮಾಡಿದೆ. ಒಂದೊಂದರ ಕೆಳಗೂ ಎರಡೆರಡು ಸಾಲು ಇತಿಹಾಸ. ಮಾಡುತ್ತಾ ಮಾಡುತ್ತಾ ನನಗೇ ಆಕಳಿಕೆ ಬಂತು. ಕೊನೆಗೊಂದು ಪಂಚ್ ಬೇಕಲ್ಲ? ನಮ್ಮ ಕಸುಬೇ ಅದು. "ಒಡೆದರೆ ಏನಾಗುತ್ತದೆ ನೋಡಿ" ಎಂದು ಒಂದು ಸ್ಲೈಡ್ ಹಾಕೋಣ ಎನ್ನಿಸಿತು. ಎಂಥ ವಿಕಾರವೆಂದರೆ, ನೋಡಿದವರು ನಾಚಿ ನೀರಾಗಿ, ಟೀಚರಮ್ಮನ ಕಾಲಿಗೆ ಬೀಳಬೇಕು.

ಕೂತೆ ನೋಡಿ! ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಎಂ.ಜಿ. ರೋಡಿನ ಚಿನ್ನದಂಗಡಿಯ ಗಾಜಿನ ಮುಂಭಾಗ ಕದ್ದೆ. ಅದರ ಮೇಲೆ ರಾಕೆಟ್ಟಿನಂಥ ಗೋಪುರ ನೆಟ್ಟೆ. ಗುಲಾಬಿ ಬಣ್ಣ ಬಳಿದೆ, ಅಂಚಿಗೆ ಗಿಳಿಹಸಿರು. ಗೋಪುರದ ತುದಿಯ ಶಿಲುಬೆಯ ಸುತ್ತ ತಿರುಗುವ ಸೀರಿಯಲ್ ಬಲ್ಬು. ದೇವದೂತರ ರೆಕ್ಕೆಗೆ ಟ್ಯೂಬ್‌ಲೈಟು. ರಸ್ತೆಗೆ ನೇರ ಮುಖ, ಮುಂದೆ ಸಿಮೆಂಟ್ ಅಂಗಳ, ಅಂಗಳದಲ್ಲಿ ಸಾಲಾಗಿ ಕಾರು. ನಮ್ಮ ಮ್ಯಾನೇಜರನ ನೀಲಿ ಕಾರನ್ನೂ ನಿಲ್ಲಿಸಿದೆ. ಮಕ್ಕಳು ಐಸ್‌ಕ್ರೀಂ ತಿನ್ನುತ್ತಿದ್ದಾರೆ, ಹೆಂಗಸರು ಕಾಂಚೀವರಂ ಉಟ್ಟು ನಗುತ್ತಿದ್ದಾರೆ, ಮುದುಕರು ಕುಶನ್ ಕುರ್ಚಿಯಲ್ಲಿ ಕಾಲು ಚಾಚಿದ್ದಾರೆ. ಆಮೇಲೆ ನನ್ನ ಬ್ರಹ್ಮಾಸ್ತ್ರ. ಒಳಗಿನ ಬಂಡೆ ಒಡೆದು ಹೋಯಿತಲ್ಲ, ಅದರ ಬದಲಿಗೆ ಅಂಗಳದ ಮೂಲೆಯಲ್ಲಿ ಸಿಮೆಂಟಿನ ನಕಲಿ ಬಂಡೆ. ಅದರ ಮೇಲಿಂದ ಮೋಟರ್ ಇಟ್ಟು ಇಳಿಸಿದ ಜಲಪಾತ!

ಬಿಜೋಯ್ ನೋಡಿ ಹೊಟ್ಟೆ ಹಿಡಿದುಕೊಂಡ. "ಲೇ ಮಗಾ, ಇದನ್ನ ನೋಡಿದ್ರೆ ವರ್ಗೀಸ್ ಚೇಟ್ಟನ್ ಊರು ಬಿಟ್ಟು ಓಡೋಗ್ತಾರೆ ಕಣೋ!" ಆಫೀಸಿನಲ್ಲಿ ಒಬ್ಬೊಬ್ಬರೇ ಬಂದು ನೋಡಿದರು, ಒಬ್ಬೊಬ್ಬರೇ ನಕ್ಕರು. ಕಾಕ್ಕನಾಡಿನ ಎ.ಸಿ.ಯಲ್ಲಿ ಕೂತು ಗುಡ್ಡದ ಪಳ್ಳಿ ಉಳಿಸಿದ ಸಂತೋಷ ನಮ್ಮೆಲ್ಲರಿಗೂ.

ಪೊದುಯೋಗಂ ನಡೆದದ್ದು ಪಳ್ಳಿಯ ಒಳಗೇ, ಭಾನುವಾರದ ಪೂಜೆ ಮುಗಿದ ಮೇಲೆ. ಆಫೀಸಿನ ಪ್ರೊಜೆಕ್ಟರ್ ಕಾಡಿ ಬೇಡಿ ತಂದಿದ್ದೆ. ಏರಿಳಿದ ಕಲ್ಲಿನ ಗೋಡೆಗೆ ಬಿಳಿ ಮುಂಡು ಕಟ್ಟಿದೆವು. ಹೊರಗೆ ಜಡಿಮಳೆ. ಮಾಡು ಅವತ್ತೇ ಸರಿಯಾಗಿ ಸೋರಬೇಕೆ? ವರ್ಗೀಸ್ ಚೇಟ್ಟನ್ ನೆತ್ತಿಯ ಮೇಲೆ ಹನಿ ಬೀಳುತ್ತಿತ್ತು. ಅವರು ಒರೆಸಿಕೊಳ್ಳಲೂ ಇಲ್ಲ. ಎಲ್ಲರೂ ನೋಡಲಿ ಎಂದು ಹಾಗೇ ಕೂತಿದ್ದರು.

ಮೊದಲು ಟೀಚರಮ್ಮ ಮಾತಾಡಿದರು. ನಾಲ್ಕು ಮಾತು ಆಡುವಷ್ಟರಲ್ಲಿ ವರ್ಗೀಸ್ ಚೇಟ್ಟನ್ ನಡುವೆ ಬಾಯಿ ಹಾಕಿದರು. "ಟೀಚರಿಗೆ ಹಳೇ ಪಳ್ಳಿ ಬೇಕಂತೆ. ಟೀಚರ ಮನೆಗೆ ಮಾತ್ರ ಹೊಸ ಟೆರೇಸ್!"

ಜನ ನಕ್ಕರು. ಟೀಚರಮ್ಮ ಅವರ ಕಡೆ ತಿರುಗಿದರು. "ನನ್ನ ಟೆರೇಸಿಗೆ ನಿಮ್ಮಪ್ಪ ಕಲ್ಲು ಹೊತ್ತಿಲ್ಲ ವರ್ಗೀಸೇ. ಈ ಗೋಡೆಗೆ ಹೊತ್ತಿದ್ದಾನೆ."

ನಗುತ್ತಿದ್ದವರು ಗೋಡೆಯ ಕಡೆ ತಿರುಗಿ ನೋಡಿದರು. ಆ ಕ್ಷಣದಲ್ಲಿ ಕೈ ಎತ್ತಿಸಿದ್ದರೆ ಪಳ್ಳಿ ಉಳಿಯುತ್ತಿತ್ತು. ಈಗಲೂ ನನಗೆ ಹಾಗೇ ಅನ್ನಿಸುತ್ತದೆ. ಆದರೆ ಕೈ ಎತ್ತಿಸಲಿಲ್ಲ. ಟೀಚರಮ್ಮ ನನ್ನ ಕಡೆ ನೋಡಿ, "ಇನ್ನು ನೀನು ತೋರ್ಸು ಮೋನೆ" ಎಂದರು.

ನಾನು ತೋರಿಸಿದೆ.

ಕತ್ತಲು. ಇನ್ನೊಂದು ಕತ್ತಲು. ಕತ್ತಲಲ್ಲಿ ಒಂದು ಜಂತಿ. "ನೋಡಿ, ಗೆದ್ದಲು!" ಎಂದರು ಯಾರೋ. ಗೆದ್ದಲಲ್ಲ, ಕೆತ್ತನೆ. ಮುಂದಿನ ಸ್ಲೈಡಿಗೆ, "ಅಯ್ಯೋ, ಗೋಡೆ ಎಷ್ಟು ಸೊಟ್ಟಗಿದೆ! ದಿನಾ ನೋಡ್ತಿದ್ದರೂ ಗೊತ್ತೇ ಆಗಿರಲಿಲ್ಲ" ಎಂದರು ಇನ್ಯಾರೋ. ವರ್ಗೀಸ್ ಚೇಟ್ಟನ್‌ಗೆ ಸಾಕ್ಷಿ ಒದಗಿಸಲು ನನಗಿಂತ ಒಳ್ಳೆಯ ಫೋಟೋಗ್ರಾಫರ್ ಸಿಗುತ್ತಿರಲಿಲ್ಲ.

ಆಮೇಲೆ ಕೊನೆಯ ಸ್ಲೈಡ್.

ಮುಂಡಿನ ಮೇಲೆ ಗುಲಾಬಿ ಬಣ್ಣ ಚೆಲ್ಲಿತು. ಕತ್ತಲಲ್ಲಿ ಕೂತಿದ್ದ ಎಲ್ಲರ ಮುಖವೂ ಗುಲಾಬಿಯಾಯಿತು. ನಾನು ನಗೆಗಾಗಿ ಕಾದೆ. ನಗೆ ಬರಲಿಲ್ಲ.

"ಈಶೋಯೇ!" ಎಂದು ಯೇಸುವನ್ನು ಕರೆದು ಒಬ್ಬಳು ಮುದುಕಿ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಚಪ್ಪಾಳೆ ಶುರುವಾಯಿತು.

ಬಿಜೋಯ್ ಎದ್ದು ಮಲಯಾಳದಲ್ಲಿ ಬಡಕೊಂಡ. ಇದು ತಮಾಷೆ, ಇದು ಅಣಕ, ಹೀಗಾಗಬಾರದು ಅಂತ ಮಾಡಿದ್ದು. ವರ್ಗೀಸ್ ಚೇಟ್ಟನ್ ನನ್ನ ಬೆನ್ನು ತಟ್ಟಿದರು. "ತಮಾಷೆಗೇ ಇಷ್ಟು ಚೆನ್ನಾಗಿ ಮಾಡೋರು, ಸೀರಿಯಸ್ಸಾಗಿ ಮಾಡಿದ್ರೆ ಹೇಗಿರುತ್ತೆ!"

ಟೀಚರಮ್ಮ ಎದ್ದರು. ನಮ್ಮಮ್ಮನ ಜೊತೆಗೆ ಕಲ್ಲು ಹೊತ್ತವರು ಯಾರಾದರೂ ಇದ್ದರೆ ಹೇಳಿ ಎಂದರು. ಆ ಮುದುಕಿಯೇ, ಏಲಿ ಚೇಡತ್ತಿ, ಕೋಲೂರಿ ನಿಂತಳು. ಅವಳೊಬ್ಬಳೇ ಉಳಿದಿದ್ದವಳು. ಟೀಚರಮ್ಮನ ಮುಖದಲ್ಲಿ ಬೆಳಕು ಬಂತು.

"ಹೊತ್ತಿದ್ದೀನಿ ಮೋಳೆ" ಎಂದಳು ಏಲಿ ಚೇಡತ್ತಿ, ಮಗಳಿಗೆ ಹೇಳುವ ಹಾಗೆ. "ಹೊತ್ತು ಹೊತ್ತು ನನ್ನ ನೆತ್ತಿ ಕೂದಲೇ ಹೋಯ್ತು. ಈ ಒದ್ದೆ ನೆಲದಲ್ಲಿ ಕೂತು ಮಂಡಿ ಹೋಯ್ತು. ಅಲ್ಲಿ ಕುರ್ಚಿ ಇದೆ ನೋಡು. ಒಂದ್ಸಲ ಅದ್ರಲ್ಲಿ ಕೂತು ಪೂಜೆ ನೋಡಿ ಸಾಯ್ತೀನಿ, ಬಿಡು."

ಟೀಚರಮ್ಮ ಅವಳ ತೋಳು ಹಿಡಿದು ಕೂರಿಸಿದರು.

ಕೈಗಳು ಎದ್ದವು. ಒಡೆಯಬೇಡಿ ಎಂದು ಎದ್ದ ಕೈ ಟೀಚರಮ್ಮನದು, ಬಿಜೋಯ್‌ದು. ನಾನೂ ಎತ್ತಿದೆ. ಅಚ್ಚನ್ ನಗುತ್ತಾ, "ಹೊರಗಿನವರಿಗೆ ವೋಟಿಲ್ಲ ಸಾರ್" ಎಂದರು. ಆಮೇಲೆ ಅವರೇ ಹತ್ತಿರ ಬಂದು, ಆ ಒಂದು ಚಿತ್ರ ಸಿಗಬಹುದೇ ಎಂದು ಕೇಳಿದರು.

ಪೆನ್‌ಡ್ರೈವ್ ನನ್ನ ಕೊರಳಲ್ಲೇ ನೇತಾಡುತ್ತಿತ್ತು. ಕೊಡುವುದಿಲ್ಲ ಎನ್ನಬಹುದಿತ್ತು. ಕರಪ್ಟ್ ಆಗಿದೆ ಎಂದು ಸುಳ್ಳು ಹೇಳಬಹುದಿತ್ತು. (ಕ್ಲೈಂಟಿಗೆ ವಾರಕ್ಕೊಮ್ಮೆ ಅದನ್ನೇ ಹೇಳುತ್ತೇವೆ.) ಕೊಟ್ಟುಬಿಟ್ಟೆ. ಯಾಕೆ? ಅಷ್ಟು ಜನ ನನಗಾಗಿ ಅಷ್ಟು ಹೊತ್ತು ಚಪ್ಪಾಳೆ ಹೊಡೆದದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ, ಒಳಗೊಳಗೇ ಹಿತವಾಗಿತ್ತು.

ಮಳೆ ನಿಂತ ಮೇಲೆ ಒಡೆದರು. ನಾನು ಹೋಗಲಿಲ್ಲ. ಆಫೀಸಿನಲ್ಲಿ ರಿಲೀಸ್ ಇದೆ ಎಂದೆ. ರಿಲೀಸ್ ಇರಲಿಲ್ಲ.

ಟೀಚರಮ್ಮ ಒಂದು ಸಲ ಫೋನ್ ಮಾಡಿದರು. "ಗೋಡೆ ಬೇಗ ಬಿತ್ತು. ಬಂಡೆಗೆ ಮದ್ದು ಇಡ್ತಿದ್ದಾರೆ" ಎಂದರು. ನಾನು ಏನೋ ಹೇಳಲು ಹೋದೆ. ಆ ಕಡೆಯಿಂದ ಢಂ ಎಂದು ಕೇಳಿಸಿತು. "ಇಡ್ತೀನಿ ಮೋನೆ" ಎಂದು ಫೋನ್ ಇಟ್ಟರು.

ಅದಕ್ಕಿಂತ ಹೆಚ್ಚು ಫೋನ್ ಬಂದದ್ದು ಕಟ್ಟುವ ಎಂಜಿನಿಯರಿನಿಂದ. ಬಹಳ ಶ್ರದ್ಧೆಯ ಮನುಷ್ಯ. ನನ್ನ ತಮಾಷೆಯನ್ನು ಗ್ರಂಥದಂತೆ ಓದುತ್ತಿದ್ದ. "ಸರ್, ವಾಟರ್‌ಫಾಲ್‌ಗೆ ಎಷ್ಟು ಎಚ್‌ಪಿ ಮೋಟರ್?" "ಸರ್, ರೆಕ್ಕೆಯ ಟ್ಯೂಬ್‌ಲೈಟ್ ಬಿಳಿಯಾ, ಹಳದಿಯಾ?" ಒಂದು ದಿನ ಮೀಟಿಂಗಿನಲ್ಲಿದ್ದಾಗ ಫೋನ್. "ಸರ್, ಅಂಗಳದಲ್ಲಿ ಒಂದು ನೀಲಿ ಕಾರಿದೆಯಲ್ಲ, ಅದು ಪ್ಲಾನಿನ ಭಾಗವಾ?"

ಇಲ್ಲ, ಪುಣೆಗೆ ಹೋಗಿದೆ ಎಂದೆ.

ಒಂದು ಮಾತು ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ನಮ್ಮಂಥವರಿಗೆ ಹಳೆಯದೆಂದರೆ ಪ್ರಾಣ. ವೀಕೆಂಡಿಗೆ ಹೋಗುತ್ತೇವೆ, ಆಹಾ ಎನ್ನುತ್ತೇವೆ, ಗೋಡೆ ಸವರುತ್ತೇವೆ. ಸೋಮವಾರ ಕಾಕ್ಕನಾಡಿನ ಫ್ಲ್ಯಾಟಿಗೆ ಬಂದು, ಲಿಫ್ಟ್ ಕೆಟ್ಟರೆ ಅಸೋಸಿಯೇಷನ್ ಜೊತೆ ಜಗಳಕ್ಕೆ ನಿಲ್ಲುತ್ತೇವೆ. ಸೋರುವ ಮಾಡಿನ ಕೆಳಗೆ ವರ್ಷವಿಡೀ ಕೂರುವವರು ಬೇರೆ ಯಾರೋ. ಅವರಿಗೆ ಕುರ್ಚಿ ಬೇಕು ಎನ್ನಿಸಿದರೆ ನಮಗೆ ಅವರ ಅಭಿರುಚಿ ಕೆಟ್ಟಂತೆ ಕಾಣುತ್ತದೆ. ಏಲಿ ಚೇಡತ್ತಿಯ ಮಂಡಿಯನ್ನು ನನ್ನ ಯಾವ ಸ್ಲೈಡಿನಲ್ಲಿ ಹಾಕಿದ್ದೆ?

ಇನ್ನು ಅವರೋ. ಕುರ್ಚಿ ಹಾಕಲು ಗೋಡೆ ಯಾಕೆ ಬೀಳಬೇಕಿತ್ತು? ಯಾರೂ ಕೇಳಲಿಲ್ಲ. ಕೇಳಿದ್ದ ಒಬ್ಬರಿಗೆ ಟೆರೇಸಿತ್ತು.

ಮೊನ್ನೆ ಭಾನುವಾರ ಹೊಸ ಪಳ್ಳಿಯ ಆಶೀರ್ವಾದ. ಹೋಗಲೇಬೇಕಾಯಿತು. ಬಿಜೋಯ್ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತ. ಬಸ್ಸು ಕೊನೆಯ ತಿರುವು ದಾಟಿದಾಗ ಅದು ಕಂಡಿತು.

ಗುಲಾಬಿ. ಗಿಳಿಹಸಿರು. ರಾಕೆಟ್.

ನೋಡಿ, ನಾನು ಬಹಳ ಸಾಫ್ಟ್‌ವೇರ್ ನೋಡಿದ್ದೇನೆ. ಕೊಟ್ಟ ಸ್ಪೆಸಿಫಿಕೇಷನ್‌ಗೆ ಇಷ್ಟು ಕರಾರುವಾಕ್ಕಾಗಿ ಬಂದ ಪ್ರಾಜೆಕ್ಟನ್ನು ಜನ್ಮದಲ್ಲಿ ನೋಡಿಲ್ಲ.

ಸಿಮೆಂಟಿನ ಬಂಡೆಗೆ ಕಂದು ಬಣ್ಣ ಹೊಡೆದು, ಪಾಚಿಗೆಂದು ಅಲ್ಲಲ್ಲಿ ಹಸಿರು ಬಳಿದಿದ್ದರು. ಮೇಲಿಂದ ನೀರು ಸುರಿಯುತ್ತಿತ್ತು. ಟ್ಯಾಂಕರಿನಲ್ಲಿ ತರಿಸಿದ ನೀರಂತೆ. ಮದ್ದು ಇಟ್ಟ ಮೇಲೆ ಗುಡ್ಡದ ನೀರು ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಕೆಳಗಿನ ಮನೆಗಳವರು ಬಾವಿಯಲ್ಲಿ ನೀರು ಇಳಿದಿದೆ ಎಂದು ಗೊಣಗುತ್ತಿದ್ದಾರಂತೆ. ಬಿಷಪ್ಪರು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಕರೆಂಟ್ ಹೋಯಿತು. ಜಲಪಾತ ನಿಂತಿತು. ವರ್ಗೀಸ್ ಚೇಟ್ಟನ್ ಜನರೇಟರ್ ಕಡೆ ಓಡಿದರು. ಜನರೇಟರ್ ಕೆಮ್ಮಿತು, ಬಂಡೆ ಮತ್ತೆ ಉಚ್ಚೆ ಹೊಯ್ಯಲು ಶುರುಮಾಡಿತು. (ಟೀಚರಮ್ಮ, ಈ ಪದಕ್ಕೆ ಬೈಯಿರಿ. ಬೇರೆ ಪದ ಸಿಗಲಿಲ್ಲ.)

ಏಲಿ ಚೇಡತ್ತಿ ಕುರ್ಚಿಯಲ್ಲಿ ಕೂತಿದ್ದಳೇ? ಇಲ್ಲ. ಬೇಸಿಗೆಯಲ್ಲೇ ತೀರಿಕೊಂಡಳಂತೆ.

ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಮೈಕಿನಲ್ಲಿ ನನ್ನ ಹೆಸರು ಹೇಳಿ "ನಮ್ಮ ಶಿಲ್ಪಿ" ಎಂದರು. ಬಾಗಿಲ ಪಕ್ಕದ ಕರಿ ಗ್ರಾನೈಟಿನ ಮೇಲೆ ಚಿನ್ನದ ಬಣ್ಣದಲ್ಲಿ ನನ್ನ ಹೆಸರು ಕೆತ್ತಿದ್ದಾರೆ. ಕಲ್ಲು ಹೊತ್ತ ಒಬ್ಬರ ಹೆಸರೂ ಯಾವ ಗೋಡೆಯ ಮೇಲೂ ಇರಲಿಲ್ಲ.

ಟೀಚರಮ್ಮ ಬಂದಿದ್ದರು. ಕಸವು ಎನ್ನುವ ಚಿನ್ನದ ಜರಿ ಅಂಚಿನ ಸೀರೆ ಉಟ್ಟು, ಹಿಂದಿನ ಸಾಲಿನ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಆಮೇಲೆ ಮನೆಗೆ ಕರೆದು ಊಟಕ್ಕೆ ಹಾಕಿದರು. ಅದೇ ಮರಗೆಣಸು, ಅದೇ ಮೀನು. ಒಂದು ಬೈಗುಳವಿಲ್ಲ. ನಾನು ಬೈಗುಳಕ್ಕೆ ತಯಾರಾಗಿ ಬಂದಿದ್ದೆ, ಅದಕ್ಕೆ ನಾಲ್ಕು ಜೋಕೂ ರೆಡಿ ಇದ್ದವು. ಯಾವುದಕ್ಕೂ ಜಾಗ ಸಿಗಲಿಲ್ಲ.

ಕೈತೊಳೆಯಲು ಎದ್ದಾಗ ಕೇಳಿದರು. "ಮೋನೆ, ಒಂದು ಮಾತು ಕೇಳ್ಲಾ? ನಮ್ಮ ಹಳೇ ಪಳ್ಳಿದು ಅಷ್ಟೊಂದು ಫೋಟೋ ತೋರಿಸ್ದೆ. ಒಂದರಲ್ಲೂ ಒಬ್ಬ ಮನುಷ್ಯ ಇರ್ಲಿಲ್ಲ. ಆ ತಮಾಷೆ ಪಳ್ಳೀಲಿ ಎಷ್ಟು ಜನ ಇದ್ರು! ಮಕ್ಕಳಿಗೆ ಐಸ್‌ಕ್ರೀಂ ಬೇರೆ ಕೊಡ್ಸಿದ್ದೆ. ಯಾಕೋ?"

ನಲ್ಲಿ ತಿರುಗಿಸಿಕೊಂಡು ನಿಂತೆ. ಬೆರಳಿಗೆ ಅಂಟಿದ ಮೀನು ಸಾರನ್ನು ಆವತ್ತು ತೊಳೆದಷ್ಟು ಹೊತ್ತು ಎಂದೂ ತೊಳೆದಿಲ್ಲ.

ಸಂಜೆ ಬಸ್ ಸ್ಟಾಪಿಗೆ ಬಂದಾಗ ಒಬ್ಬರು ಓಡೋಡಿ ಬಂದರು. ಬಿಳಿ ಮುಂಡು, ಬಿಳಿ ಶರ್ಟು, ಜೇಬಿನಲ್ಲಿ ಮೊಬೈಲು. ಆಚೆ ಗುಡ್ಡದ ಪಳ್ಳಿಯ ಕೈಕ್ಕಾರನ್ ಅಂತೆ. ನನ್ನ ಕೈ ಹಿಡಿದು ಕುಲುಕಿದರು. ಕುಲುಕಿ ಬಿಡಲಿಲ್ಲ.

"ನಮ್ಮದೂ ಹಳೇದೇ ಸಾರ್. ನೀವೊಂದು ಭಾನುವಾರ ಬಂದು ಹೀಗೇ ಒಂದು ತೋರಿಸಿಕೊಡಬೇಕು. ನಮ್ಮಲ್ಲೂ ಒಬ್ಬರು ವಯಸ್ಸಾದವರು ಒಡೀಬೇಡಿ ಅಂತ ಹಟ ಹಿಡಿದು ಕೂತಿದ್ದಾರೆ. ನಿಮ್ಮ ಸ್ಲೈಡ್ ನೋಡಿದ್ರೆ ಸುಮ್ಮನಾಗ್ತಾರೆ."

ಬಿಜೋಯ್ ಆ ಕಡೆ ತಿರುಗಿಕೊಂಡ. ನಾನು ಆ ವಯಸ್ಸಾದವರ ಹೆಸರೇನು, ಮನೆ ಎಲ್ಲಿ ಎಂದು ಕೇಳಿದೆ. ಪಾಪ, ವಿವರವಾಗಿ ದಾರಿ ಹೇಳಿದರು. ಈ ವಾರ ರಜೆ ಹಾಕಿ ಹೋಗುವುದು ಅಂತ ತೀರ್ಮಾನ ಮಾಡಿದ್ದೇನೆ.

ಆದರೆ ನೀವೇ ಹೇಳಿ, ಅವರ ಬಾಗಿಲು ತಟ್ಟಿ, ನಾನು ನಿಮ್ಮ ಕಡೆಯವನು ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ?